ರಕ್ತದಲ್ಲಿ ಆಂಟಿಬಯೋಟಿಕ್ ಎಷ್ಟಿದೆ ಎಂದು ಕೋಲಾರದಲ್ಲೇ ಅಳೆಯುವಂತಾಗಲಿ

ಮಾನ್ಯ ಸಂಪಾದಕರೇ,

ಆಂಟಿಬಯೋಟಿಕ್ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ನೆಗಡಿಗೆಲ್ಲ ನುಂಗಬೇಡಿ, ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳಬೇಡಿ, ಕೋರ್ಸ್ ಅರ್ಧಕ್ಕೆ ಬಿಡಬೇಡಿ. ಎಲ್ಲ ಸರಿಯಾದ ಮಾತೇ. ಆದರೆ ವಾರ್ಡಿನಲ್ಲಿ ಮಲಗಿ ಹೊತ್ತು ಹೊತ್ತಿಗೆ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಏರಿಸಿಕೊಳ್ಳುತ್ತಿರುವ ರೋಗಿಯ ರಕ್ತದಲ್ಲಿ ಆ ಔಷಧ ನಿಜಕ್ಕೂ ಎಷ್ಟಿದೆ ಎನ್ನುವ ಪ್ರಶ್ನೆಯನ್ನು ಯಾರೂ ಎತ್ತುವುದು ಕಾಣೆ. ಅದನ್ನು ಅಳೆಯಬಹುದು. ಅಳೆಯುವ ಯಂತ್ರ ಹೊಸದೇನಲ್ಲ. ಅದನ್ನು ಓಡಿಸಲು ಬಲ್ಲ ಹುಡುಗ ಹುಡುಗಿಯರು ಬಂಗಾರಪೇಟೆಯಲ್ಲಿ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗುತ್ತಾರೆ. ಈ ಪರೀಕ್ಷೆ ನಮ್ಮ ಜಿಲ್ಲೆಯ ಸಾಮಾನ್ಯ ರೋಗಿಗೂ ಸಿಗಬೇಕು, ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ಉತ್ತರ ಬರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಕೋಲಾರದವಳು. ಔಷಧ ಕಾರ್ಖಾನೆಯೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಯಂತ್ರದ (ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಮುಂದೆ ವರ್ಷಗಟ್ಟಲೆ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಡಬ್ಬಿಯ ಮೇಲೆ ಬರೆದಷ್ಟು ಔಷಧ ಮಾತ್ರೆಯಲ್ಲಿ ಇದೆಯೇ ಎಂದು ನೋಡುವುದು ನಮ್ಮ ಕೆಲಸ. 500 ಮಿಲಿಗ್ರಾಂ ಎಂದು ಬರೆದ ಮಾತ್ರೆಯಲ್ಲಿ 440 ಬಂದರೆ ಆ ಬ್ಯಾಚ್ ಗೇಟು ದಾಟುವುದಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಕೂತು ಯಾಕೆ ಹೀಗಾಯಿತು ಎಂದು ಹುಡುಕುತ್ತೇವೆ, ವರದಿ ಬರೆಯುತ್ತೇವೆ. ಡಬ್ಬಿಯೊಳಗೆ ಇರುವಷ್ಟು ದಿನ ಔಷಧಕ್ಕೆ ಇಷ್ಟೆಲ್ಲ ಲೆಕ್ಕ. ರೋಗಿಯ ಮೈಯೊಳಗೆ ಹೋದ ಮೇಲೆ ಲೆಕ್ಕವೇ ಇಲ್ಲ.

ಲೆಕ್ಕ ಯಾಕೆ ಬೇಕು ಅಂದರೆ, ಒಂದೇ ಡೋಸು ಎಲ್ಲರ ಮೈಯಲ್ಲೂ ಒಂದೇ ಥರ ನಿಲ್ಲುವುದಿಲ್ಲ. ಮೆರೊಪೆನೆಮ್ ಎಂಬ ಇಂಜೆಕ್ಷನ್ ನೋಡಿ. ಕಿಡ್ನಿ ಚೆನ್ನಾಗಿದ್ದವರ ರಕ್ತದಲ್ಲಿ ಅದು ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕಿಡ್ನಿ ಕೈಕೊಟ್ಟವರಲ್ಲಿ ಗಂಟೆಗಟ್ಟಲೆ ಹಾಗೇ ಉಳಿಯುತ್ತದೆ. ಇನ್ನು ಕೆಲವು ರೋಗಿಗಳಲ್ಲಿ, ಅದರಲ್ಲೂ ಸುಟ್ಟ ಗಾಯದ ಅಥವಾ ಅಪಘಾತದ ಗಾಯದ ಹರೆಯದವರಲ್ಲಿ, ಕಿಡ್ನಿ ಮಾಮೂಲಿಗಿಂತ ಜೋರಾಗಿ ಕೆಲಸ ಮಾಡುತ್ತದೆ. ಅವರಿಗೆ ಪುಸ್ತಕದಲ್ಲಿ ಬರೆದ ಡೋಸ್ ಕೊಟ್ಟರೆ ಮುಂದಿನ ಡ್ರಿಪ್ ಹಾಕುವ ಮೊದಲೇ ರಕ್ತದಲ್ಲಿ ಔಷಧ ಖಾಲಿ. ಪೆನಿಸಿಲಿನ್ ಜಾತಿಯ ಔಷಧಗಳು, ಮೆರೊಪೆನೆಮ್ ಕೂಡ ಅದೇ ಬಳಗ, ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇರುತ್ತವೋ ಅಷ್ಟು ಹೊತ್ತು ಮಾತ್ರ ಕ್ರಿಮಿಯನ್ನು ಕೊಲ್ಲುತ್ತವೆ. ಮಟ್ಟ ಕೆಳಗೆ ಬಿತ್ತು ಅಂದರೆ ಕ್ರಿಮಿ ಮತ್ತೆ ಚಿಗುರುತ್ತದೆ. ಬದುಕಿ ಉಳಿದ ಕ್ರಿಮಿ ಔಷಧಕ್ಕೆ ಬಗ್ಗದಂತೆ ಬಲಿಯುವ ಅವಕಾಶವೂ ಜಾಸ್ತಿ. ಹೊರಗಿನವರ ಕಣ್ಣಿಗೆ ಮಾತ್ರ ರೋಗಿಗೆ ಹೊತ್ತು ಹೊತ್ತಿಗೆ ಸರಿಯಾಗಿಯೇ ಆಂಟಿಬಯೋಟಿಕ್ ಹೋಗುತ್ತಿರುತ್ತದೆ.

ಜಾಸ್ತಿಯಾದರೂ ಕಷ್ಟ. ಜೆಂಟಾಮೈಸಿನ್, ಅಮಿಕಾಸಿನ್ ಜಾಸ್ತಿ ದಿನ ಜಾಸ್ತಿ ಮಟ್ಟದಲ್ಲಿ ಉಳಿದರೆ ಕಿಡ್ನಿಗೆ ಪೆಟ್ಟು, ಕಿವಿಗೂ ಪೆಟ್ಟು. ಕಿಡ್ನಿ ಬಹಳಷ್ಟು ಸಲ ಚೇತರಿಸಿಕೊಳ್ಳುತ್ತದೆ. ಕಿವಿಯೊಳಗೆ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ, ಕೇಳುವ ಶಕ್ತಿ ಹೋದರೆ ಹೋಯಿತು. ವ್ಯಾಂಕೊಮೈಸಿನ್ ಕೂಡ ಕಿಡ್ನಿಯನ್ನು ಕಾಡುತ್ತದೆ. ಕಿಡ್ನಿ ಸರಿ ಇಲ್ಲದವರಲ್ಲಿ ಸೆಫೆಪಿಮ್ ಏರಿಬಿಟ್ಟರೆ ರೋಗಿ ತಡವರಿಸಿ ಮಾತಾಡಲು ಶುರು ಮಾಡುತ್ತಾರೆ, ಮನೆಯವರನ್ನೇ ಗುರುತಿಸುವುದಿಲ್ಲ. ವಯಸ್ಸಾಯಿತು, ಐಸಿಯುನಲ್ಲಿ ಮಲಗಿ ಮಲಗಿ ಹೀಗಾಗಿದೆ ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಒಂದು ರಕ್ತ ಪರೀಕ್ಷೆ ಇದ್ದರೆ ಕಾರಣ ಔಷಧವೇ ಹೌದೋ ಅಲ್ಲವೋ ಎನ್ನುವುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವ ನಮ್ಮ ಭಾವನಿಗೆ ಸಕ್ಕರೆ ಕಾಯಿಲೆ. ತೋಟದಲ್ಲಿ ಗಿಡಕ್ಕೆ ನೆಟ್ಟ ಊರುಗೋಲಿನ ಚೂರು ಕಾಲಿಗೆ ಹೊಕ್ಕು ಹುಣ್ಣಾಯಿತು. ಬೆರಳು ಕಪ್ಪಗಾದ ಮೇಲೆ ಆಸ್ಪತ್ರೆ ಸೇರಿಸಿದೆವು. ಆಸ್ಪತ್ರೆಯ ಹೆಸರು ಬೇಡ, ಅಲ್ಲಿನವರು ಕಷ್ಟಪಟ್ಟು ನೋಡಿಕೊಂಡರು. ಕೀವಿನಲ್ಲಿರುವ ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ಕ್ರಿಮಿ ಬಂತು. ವ್ಯಾಂಕೊಮೈಸಿನ್ ಶುರು ಮಾಡಿದರು. ಹನ್ನೆರಡು ಗಂಟೆಗೊಮ್ಮೆ ಒಂದು ಗ್ರಾಂ. ಭಾವನ ಕಿಡ್ನಿ ಮೊದಲೇ ಅಷ್ಟಕ್ಕಷ್ಟೆ ಇದ್ದುದರಿಂದ ಡಾಕ್ಟರೇ ರಕ್ತದಲ್ಲಿ ಮಟ್ಟ ನೋಡೋಣ ಎಂದರು. ಅವರು ಹಾಗೆ ಯೋಚಿಸಿದ್ದೇ ದೊಡ್ಡದು. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ವರದಿ ಬರುವ ಹೊತ್ತಿಗೆ ಇನ್ನೂ ಹಲವು ಡೋಸ್ ಒಳಗೆ ಹೋಗಿತ್ತು.

ವರದಿಯಲ್ಲಿ ಲೀಟರಿಗೆ 38 ಮಿಲಿಗ್ರಾಂ ಎಂದಿತ್ತು. ಸ್ಯಾಂಪಲ್ ತೆಗೆದ ವೇಳೆ ಎನ್ನುವ ಜಾಗದಲ್ಲಿ ಏನೂ ಬರೆದಿರಲಿಲ್ಲ. ಈ 38ಕ್ಕೆ ಅರ್ಥ ಏನು? ಡ್ರಿಪ್ ಮುಗಿದು ಒಂದು ಗಂಟೆಯ ಮೇಲೆ ತೆಗೆದ ರಕ್ತವಾದರೆ ಗಾಬರಿಯಾಗುವಂಥದ್ದು ಏನಿಲ್ಲ. ಮುಂದಿನ ಡೋಸ್ ಹಾಕುವ ಮುಂಚೆ, ಅಂದರೆ ಮಟ್ಟ ಅತಿ ಕಡಿಮೆ ಇರಬೇಕಾದ ಹೊತ್ತಿನಲ್ಲಿ ತೆಗೆದದ್ದಾದರೆ ತಕ್ಷಣ ಔಷಧ ನಿಲ್ಲಿಸಬೇಕು. ಡ್ರಿಪ್ ಹೋಗುತ್ತಿದ್ದ ಕೈಯಿಂದಲೇ ತೆಗೆದಿದ್ದರೆ ಆ ಸಂಖ್ಯೆಗೆ ಬೆಲೆಯೇ ಇಲ್ಲ. ಡ್ಯೂಟಿ ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು. ‘ಸಿಸ್ಟರ್, ಆವತ್ತು ಬ್ಲಡ್ ಯಾವಾಗ ತೆಗೆದ್ರಿ?’ ಎಂದು ಕೇಳಿದರು. ‘ಆವತ್ತು ನನ್ನ ಶಿಫ್ಟ್ ಅಲ್ಲ ಸರ್’ ಎಂದರು ಸಿಸ್ಟರ್. ಅಕ್ಕ ನನ್ನ ಮುಖ ನೋಡಿ, ‘ನೀನು ಇದೇ ಕೆಲಸ ಮಾಡಿದವಳಲ್ವಾ, ಜಾಸ್ತಿಯಾ ಕಮ್ಮಿಯಾ ಹೇಳು’ ಎಂದಳು. ವೇಳೆ ಗೊತ್ತಿಲ್ಲದೆ ನಾನಲ್ಲ, ಯಾರೂ ಹೇಳಲು ಆಗುವುದಿಲ್ಲ ಎಂದೆ. ಡಾಕ್ಟರ್ ಆ ಹೊತ್ತಿನ ಡೋಸ್ ತಡೆದರು. ಅಷ್ಟರಲ್ಲಿ, ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿಯಾಗಿತ್ತು. ಅದು ಇಳಿಯಲು ವಾರಗಳು ಬೇಕಾದವು. ಒಂದು ಬೆರಳು ತೆಗೆದರು, ಕಾಲು ಉಳಿಯಿತು. ಕಿಡ್ನಿ ಏಟು ತಿಂದಿದ್ದು ಔಷಧದಿಂದಲೋ ಸೋಂಕಿನಿಂದಲೋ ಎಂದು ಈಗ ಯಾರೂ ಖಚಿತವಾಗಿ ಹೇಳುವಂತಿಲ್ಲ. ಹೇಳಬಹುದಾಗಿದ್ದ ಒಂದೇ ಸಾಕ್ಷಿ ತಡವಾಗಿ ಬಂತು, ವೇಳೆಯಿಲ್ಲದೆ ಬಂತು. ನನ್ನ ಬೇಸರವೆಲ್ಲ ಅದೇ.

ಈಗ ತಜ್ಞರು ವ್ಯಾಂಕೊಮೈಸಿನ್‌ಗೆ ಇನ್ನೂ ಕಟ್ಟುನಿಟ್ಟು ಹೇಳುತ್ತಾರೆ. ಮೊದಲು ಡೋಸಿಗೆ ಮುಂಚಿನ ಮಟ್ಟ ಒಂದನ್ನೇ ನೋಡುತ್ತಿದ್ದರು. ಗಂಭೀರ ಸೋಂಕಿನಲ್ಲಿ ಅದು ಲೀಟರಿಗೆ 15ರಿಂದ 20 ಮಿಲಿಗ್ರಾಂ ಇರಲಿ ಎನ್ನುತ್ತಿದ್ದರು. 2020ರಲ್ಲಿ ಅಮೆರಿಕದ ತಜ್ಞ ಸಂಘಗಳು ಆ ಪದ್ಧತಿ ಬಿಟ್ಟು, ದಿನವಿಡೀ ರಕ್ತಕ್ಕೆ ಒಟ್ಟು ಎಷ್ಟು ಔಷಧ ಸಿಕ್ಕಿತು ಎಂದು ಲೆಕ್ಕ ಹಾಕಿ ಎಂದವು. ಅದಕ್ಕೆ ಎರಡು ಸ್ಯಾಂಪಲ್ ಇದ್ದರೆ ಒಳ್ಳೆಯದು. ಡ್ರಿಪ್ ಮುಗಿದು ಒಂದೆರಡು ಗಂಟೆಗೆ ಒಂದು, ಮುಂದಿನ ಡೋಸಿಗೆ ಸ್ವಲ್ಪ ಮುಂಚೆ ಇನ್ನೊಂದು. ಎರಡೂ ಸ್ಯಾಂಪಲ್ ತೆಗೆದ ವೇಳೆ ನಿಮಿಷದ ಸಮೇತ ಬೇಕು. ಒಂದಕ್ಕೇ ವೇಳೆ ಬರೆಯದ ಕಡೆ ಎರಡಕ್ಕೆ ಯಾರು ಬರೆಯುತ್ತಾರೆ?

ಇನ್ನು ಇದನ್ನು ಅಳೆಯುವ ಆ ಎಚ್‌ಪಿಎಲ್‌ಸಿ ಯಂತ್ರದ ವಿಷಯ. ಇದೇನೋ ದೊಡ್ಡ ಊರಿನ ದೊಡ್ಡ ವಿದ್ಯೆ ಎಂದು ಓದುಗರು ಅಂದುಕೊಳ್ಳಬಾರದು ಎಂದು ಬಿಡಿಸಿ ಹೇಳುತ್ತೇನೆ.

ರಕ್ತವನ್ನು ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಮೇಲೆ ತಿಳಿ ಹಳದಿ ಬಣ್ಣದ ಸೀರಂ ನಿಲ್ಲುತ್ತದೆ. ಅದರಲ್ಲಿ ಕೆಲವು ಹನಿ ಸಾಕು. ಆದರೆ ಸೀರಂ ತುಂಬ ಪ್ರೋಟೀನು. ಹಾಗೇ ಯಂತ್ರಕ್ಕೆ ಬಿಟ್ಟರೆ ಅದರ ಕೊಳವೆ, ಅಂದರೆ ಕಾಲಂ, ಕಟ್ಟಿಕೊಂಡು ಪ್ರೆಷರ್ ಏರುತ್ತಾ ಹೋಗಿ ಪಂಪು ನಿಂತೇಹೋಗುತ್ತದೆ. ಅದಕ್ಕೆ ಸೀರಂಗೆ ಎರಡು ಮೂರು ಪಟ್ಟು ಅಸಿಟೊನೈಟ್ರೈಲ್ ಹಾಕಿ ಜೋರಾಗಿ ಕಲಕುತ್ತಾರೆ. ನಿಂಬೆರಸ ಬಿದ್ದ ಹಾಲಿನ ಹಾಗೆ ಪ್ರೋಟೀನೆಲ್ಲ ಒಡೆದು ಬಿಳಿ ಚೂರಾಗಿ ಬೇರೆಯಾಗುತ್ತದೆ. ಮತ್ತೆ ತಿರುಗಿಸಿದರೆ ಅದು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಸೋಸಿ ಪುಟ್ಟ ಗಾಜಿನ ವಯಲ್‌ಗೆ ತುಂಬಿದರೆ ಸ್ಯಾಂಪಲ್ ರೆಡಿ.

ಕಾಲಂ ಎನ್ನುವುದು ಗೇಣುದ್ದದ ಸ್ಟೀಲ್ ಕೊಳವೆ. ಒಳಗಿನ ಅಗಲ 4.6 ಮಿಲಿಮೀಟರ್. ಅದರ ತುಂಬ ಐದು ಮೈಕ್ರಾನ್ ಗಾತ್ರದ ಸಿಲಿಕಾ ಕಣ. ಪ್ರತಿ ಕಣದ ಮೈಮೇಲೂ 18 ಕಾರ್ಬನ್ ಉದ್ದದ ಎಳೆಗಳು, ಅದಕ್ಕೇ ಸಿ-18 ಕಾಲಂ ಎನ್ನುತ್ತಾರೆ. ಬಫರ್ ನೀರು (ಹುಳಿಯ ಮಟ್ಟ ಏರುಪೇರಾಗದಂತೆ ಲವಣ ಬೆರೆಸಿದ ನೀರು) ಮತ್ತು ಅಸಿಟೊನೈಟ್ರೈಲ್ ಅಥವಾ ಮೆಥನಾಲ್ ಬೆರೆಸಿದ ದ್ರವವನ್ನು ಪಂಪು ಒಂದೇ ಸಮನೆ ಇದರೊಳಗೆ ತಳ್ಳುತ್ತಿರುತ್ತದೆ. ನಮ್ಮ ಸ್ಯಾಂಪಲ್ ಆ ಹರಿವಿನ ಜೊತೆ ಹೊರಡುತ್ತದೆ. ಎಣ್ಣೆಯ ಗುಣದ ವಸ್ತುಗಳು ಆ ಎಳೆಗಳಿಗೆ ಅಂಟಿಕೊಂಡು ನಿಧಾನವಾಗುತ್ತವೆ, ನೀರನ್ನು ಇಷ್ಟಪಡುವವು ಬೇಗ ದಾಟುತ್ತವೆ. ಹೀಗೆ ಒಂದೊಂದು ವಸ್ತುವೂ ತನ್ನದೇ ನಿಮಿಷಕ್ಕೆ ಹೊರಬರುತ್ತದೆ. ಹೊರಬರುವ ಕಡೆ ಡಿಟೆಕ್ಟರ್ ನೇರಳಾತೀತ ಬೆಳಕು ಬಿಟ್ಟು ನೋಡುತ್ತಿರುತ್ತದೆ. ಮೆರೊಪೆನೆಮ್ ಆದರೆ ಸುಮಾರು 300 ನ್ಯಾನೊಮೀಟರ್ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಪರದೆಯ ಮೇಲೆ ನೆಟ್ಟಗೆ ಹರಿಯುತ್ತಿದ್ದ ಗೆರೆ ಒಮ್ಮೆ ಎದ್ದು ಇಳಿಯುತ್ತದೆ. ಅದೇ ಪೀಕ್. ಯಾವ ನಿಮಿಷಕ್ಕೆ ಬಂತು ಎನ್ನುವುದರಿಂದ ಯಾವ ಔಷಧ ಎಂದೂ, ಪೀಕಿನ ಕೆಳಗಿನ ಜಾಗ ಎಷ್ಟು ಎನ್ನುವುದರಿಂದ ಎಷ್ಟು ಔಷಧ ಎಂದೂ ತಿಳಿಯುತ್ತದೆ.

ಎಷ್ಟು ಎಂದು ಹೇಳಲು ಅಳತೆಗೋಲು ಬೇಕು. ಔಷಧವೇ ಇಲ್ಲದ ಸೀರಂ ತಂದು ಅದಕ್ಕೆ ನಾವೇ ತೂಕ ಮಾಡಿದ ಔಷಧ ಬೆರೆಸಿ ಲೀಟರಿಗೆ 5, 10, 20, 40, 80 ಮಿಲಿಗ್ರಾಂ ಎಂದು ಮೆಟ್ಟಿಲು ಮೆಟ್ಟಿಲಾಗಿ ತಯಾರಿಸಿ ಓಡಿಸುತ್ತೇವೆ. ಅವುಗಳ ಪೀಕುಗಳಿಂದ ಒಂದು ಗೆರೆ ಎಳೆದು, ರೋಗಿಯ ಪೀಕನ್ನು ಆ ಗೆರೆಗೆ ಹಿಡಿದು ನೋಡುತ್ತೇವೆ. ಜೊತೆಗೆ ಎಲ್ಲ ಸ್ಯಾಂಪಲ್‌ಗೂ ಮೊದಲೇ ಅಷ್ಟೇ ಪ್ರಮಾಣದ ಇನ್ನೊಂದು ವಸ್ತು ಹಾಕಿರುತ್ತೇವೆ. ಕೆಲಸದ ನಡುವೆ ಒಂದು ಹನಿ ಚೆಲ್ಲಿದರೂ ಆ ಎರಡನೇ ಪೀಕ್ ಅಷ್ಟೇ ಕುಗ್ಗಿ ತೋರಿಸುತ್ತದೆ, ಲೆಕ್ಕ ತಪ್ಪುವುದಿಲ್ಲ. ನಡುನಡುವೆ ಗೊತ್ತಿರುವ ಪ್ರಮಾಣದ ಸ್ಯಾಂಪಲ್ ಇಟ್ಟು ಪರೀಕ್ಷೆ ಮಾಡುತ್ತೇವೆ. ಅದು ನಿಜವಾದ ಸಂಖ್ಯೆಯಿಂದ ನೂರಕ್ಕೆ 15ಕ್ಕಿಂತ ಜಾಸ್ತಿ ಆಚೀಚೆ ಹೋದರೆ ಆವತ್ತಿನ ಓಟಕ್ಕೆ ಬೆಲೆಯಿಲ್ಲ, ಮತ್ತೆ ಮಾಡಬೇಕು. ಈ ಶಿಸ್ತು ಇರುವ ಕಡೆಯಿಂದ ಬಂದ ಸಂಖ್ಯೆಯನ್ನು ಡಾಕ್ಟರ್ ಧೈರ್ಯವಾಗಿ ನಂಬಬಹುದು.

ಮಾತ್ರೆ ಅಳೆಯುವುದಕ್ಕೂ ಸೀರಂ ಅಳೆಯುವುದಕ್ಕೂ ವ್ಯತ್ಯಾಸ ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ, ದೊಡ್ಡದೇ ಇದೆ. ಮಾತ್ರೆಯೊಳಗೆ ಏನೇನಿದೆ ಎಂದು ನಮಗೆ ಮೊದಲೇ ಗೊತ್ತು. ರೋಗಿಯ ಸೀರಂನಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಪ್ಯಾಂಟೊಪ್ರಜೋಲ್ ಇರುತ್ತದೆ, ಬಿಪಿ ಮಾತ್ರೆ ಇರುತ್ತದೆ, ದೇಹದ್ದೇ ನೂರಾರು ವಸ್ತು ಇರುತ್ತದೆ. ಇವುಗಳಲ್ಲಿ ಯಾವುದೂ ನಮ್ಮ ಆಂಟಿಬಯೋಟಿಕ್ ಬರುವ ನಿಮಿಷಕ್ಕೇ ಬಂದು ಅದರ ಪೀಕಿನ ಮೇಲೆ ಕೂರಬಾರದು. ಅದನ್ನು ಮೊದಲು ಸಾಬೀತು ಮಾಡಿಕೊಂಡೇ ಕೆಲಸ ಶುರು ಮಾಡಬೇಕು. ಇನ್ನೊಂದು, ಸೆಫ್ಟ್ರಿಯಾಕ್ಸೋನ್ ಥರದ ಔಷಧ ರಕ್ತದ ಪ್ರೋಟೀನಿಗೆ ಬಹುಪಾಲು ಅಂಟಿಕೊಂಡೇ ಇರುತ್ತದೆ. ಬಿಡಿಯಾಗಿ ಓಡಾಡುವ ಸ್ವಲ್ಪ ಭಾಗವೇ ಕೆಲಸ ಮಾಡುವುದು. ಆಲ್ಬುಮಿನ್ ಎಂಬ ಆ ಪ್ರೋಟೀನು ಇಳಿದ ರೋಗಿಯಲ್ಲಿ ಈ ಭಾಗ ಏರುಪೇರಾಗುತ್ತದೆ. ಒಟ್ಟು ಅಳೆದಿದ್ದೋ ಬಿಡಿ ಅಳೆದಿದ್ದೋ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಸೀರಂ ಮುಟ್ಟುವವರಿಗೆ ಸೋಂಕಿನ ಅಪಾಯವೂ ಇದೆ, ಗ್ಲೌಸು, ಲಸಿಕೆ, ಬೇರೆ ಜಾಗ ಎಲ್ಲ ಬೇಕು. ಹಾಗಾಗಿ ಯಾವುದೋ ಕಾಲೇಜಿನ ಪಾಠದ ಯಂತ್ರದಲ್ಲಿ ಸುಮ್ನೆ ಓಡಿಸಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಮಾನ್ಯತೆ ಪಡೆದ ಲ್ಯಾಬೇ ಆಗಬೇಕು.

ಹೀಗೆ ವಸ್ತುಗಳನ್ನು ಬೇರ್ಪಡಿಸುವ ವಿದ್ಯೆಗೆ ಕ್ರೊಮ್ಯಾಟೊಗ್ರಫಿ ಎನ್ನುತ್ತಾರೆ, ಅದು ಶುರುವಾಗಿದ್ದು ಎಲೆಗಳಿಂದ. ಮಿಖಾಯಿಲ್ ತ್ಸ್ವೆಟ್ ಎಂಬ ಸಸ್ಯವಿಜ್ಞಾನಿ 1900ರ ದಶಕದಲ್ಲಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ರಸ ಇಳಿಸಿ ಹಸಿರು, ಹಳದಿ ಪಟ್ಟಿಗಳನ್ನು ಬೇರೆ ಮಾಡಿ ತೋರಿಸಿದರು. ಅದನ್ನು ಮುಂದಕ್ಕೆ ಒಯ್ದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರ ನೊಬೆಲ್ ಸಿಕ್ಕಿತು. ಆಂಟಿಬಯೋಟಿಕ್ ಅಳೆಯಲು ಮೊದಮೊದಲು ಕ್ರಿಮಿಯನ್ನೇ ಬಳಸುತ್ತಿದ್ದರು. ತಟ್ಟೆಯಲ್ಲಿ ಕ್ರಿಮಿ ಬೆಳೆಸಿ, ಸೀರಂ ಇಟ್ಟ ಜಾಗದ ಸುತ್ತ ಎಷ್ಟಗಲ ಕ್ರಿಮಿ ಸತ್ತಿದೆ ಎಂದು ಮಾರನೆಯ ದಿನ ಅಳೆಯುವುದು. ರೋಗಿಗೆ ಎರಡು ಆಂಟಿಬಯೋಟಿಕ್ ಕೊಟ್ಟಿದ್ದರೆ ಯಾವುದು ಕೊಂದಿತು ಎಂದು ಆ ತಟ್ಟೆ ಹೇಳುವುದಿಲ್ಲ. ಕಾಲಂ ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಪೆನಿಸಿಲಿನ್ ಎಷ್ಟು ಬೇಗ ಮೈಯಿಂದ ಹೋಗಿಬಿಡುತ್ತದೆ ಎನ್ನುವುದು ಮೊದಲ ದಿನದಿಂದಲೇ ಗೊತ್ತಿತ್ತು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟಾಗ ದಾಸ್ತಾನು ಎಷ್ಟು ಕಡಿಮೆ ಇತ್ತೆಂದರೆ ಅವರ ಮೂತ್ರದಿಂದ ಪೆನಿಸಿಲಿನ್ ವಾಪಸ್ ತೆಗೆದು ಮತ್ತೆ ಚುಚ್ಚಿದರು. ಅವರು ಚೇತರಿಸಿಕೊಳ್ಳುತ್ತಿದ್ದರು. ಔಷಧ ಮುಗಿದುಹೋಗಿ ತೀರಿಕೊಂಡರು.

ರೆಡಿಮೇಡ್ ಪರೀಕ್ಷಾ ಕಿಟ್ ಸಿಗುತ್ತವಲ್ಲ, ಈ ಯಂತ್ರ ಯಾಕೆ ಎಂದು ಬಲ್ಲವರು ಕೇಳಬಹುದು. ನಿಜ, ವ್ಯಾಂಕೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್‌ಗೆ ಆಟೊಮ್ಯಾಟಿಕ್ ಯಂತ್ರದಲ್ಲಿ ಹಾಕುವ ಕಿಟ್ ಇವೆ. ಬೇಗ ಉತ್ತರ ಕೊಡುತ್ತವೆ. ಜೆಂಟಾಮೈಸಿನ್, ಅಮಿಕಾಸಿನ್ ನೇರಳಾತೀತ ಬೆಳಕಿಗೆ ಸರಿಯಾಗಿ ಕಾಣುವುದೂ ಇಲ್ಲ, ಹಾಗಾಗಿ ಅವಕ್ಕೆ ಕಿಟ್ಟೇ ಅನುಕೂಲ. ಅದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಜಿಲ್ಲೆಯ ಆಸ್ಪತ್ರೆಯಲ್ಲಿ ಬರುವ ನಾಲ್ಕಾರು ಸ್ಯಾಂಪಲ್‌ಗೆ ಕಿಟ್ ಒಡೆದರೆ ಉಳಿದದ್ದು ಅವಧಿ ಮೀರಿ ಕಸಕ್ಕೆ ಹೋಗುವ ಸಂಭವ ಜಾಸ್ತಿ. ಮೆರೊಪೆನೆಮ್, ಪಿಪೆರಾಸಿಲಿನ್, ಲಿನೆಜೋಲಿಡ್‌ಗಳಿಗಂತೂ ಆಸ್ಪತ್ರೆಗಳು ನಂಬಿರುವುದು ಹೆಚ್ಚಾಗಿ ಕ್ರೊಮ್ಯಾಟೊಗ್ರಫಿಯನ್ನೇ. ಒಂದೇ ಎಚ್‌ಪಿಎಲ್‌ಸಿಯಲ್ಲಿ ದ್ರವ, ಬೆಳಕು ಬದಲಿಸಿ ಬೇರೆ ಬೇರೆ ಔಷಧ ನೋಡಬಹುದು. ಅಣುವಿನ ತೂಕದಿಂದಲೇ ವಸ್ತುವನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಇನ್ನೂ ಚೆನ್ನ, ಆದರೆ ಅದಕ್ಕೆ ಕೋಟಿಗಳ ಮಾತು. ಎಚ್‌ಪಿಎಲ್‌ಸಿ ಲಕ್ಷಗಳಲ್ಲಿ ಮುಗಿಯುತ್ತದೆ.

ಬೆಂಗಳೂರು ಇಲ್ಲೇ ಇದೆ, ಎಪ್ಪತ್ತು ಕಿಲೋಮೀಟರೂ ಇಲ್ಲ, ಅಲ್ಲಿಗೇ ಕಳಿಸಿದರಾಯಿತು ಎನ್ನುವ ಮಾತು ಬಹಳ ಕೇಳಿದ್ದೇನೆ. ದೂರ ಕಡಿಮೆ ಇರಬಹುದು, ಸ್ಯಾಂಪಲ್ ಕಾಯುವ ಹೊತ್ತು ಕಡಿಮೆಯಲ್ಲ. ವಾರ್ಡಿನ ಟ್ರೇಯಲ್ಲಿ ಒಂದಷ್ಟು ಹೊತ್ತು, ಕಲೆಕ್ಷನ್ ಸೆಂಟರಿನಲ್ಲಿ ಒಂದಷ್ಟು ಹೊತ್ತು, ಆಮೇಲೆ ಬೈಕಿನ ಡಬ್ಬಿಯಲ್ಲಿ ಹೆದ್ದಾರಿಯ ಬಿಸಿಲು. ಮೆರೊಪೆನೆಮ್ ಥರದ ಔಷಧ ಟ್ಯೂಬಿನೊಳಗೂ ಸುಮ್ಮನೆ ಕೂರುವುದಿಲ್ಲ. ಮಾಮೂಲಿ ಬಿಸಿಯಲ್ಲೇ ಅದು ತಾನಾಗಿ ಒಡೆಯುತ್ತಾ ಹೋಗುತ್ತದೆ. ಬೇಗ ಸೀರಂ ಬೇರೆ ಮಾಡಿ ತಣ್ಣಗಿಡಬೇಕು, ತಡವಾಗುವುದಾದರೆ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಇಲ್ಲದಿದ್ದರೆ ಲ್ಯಾಬಿಗೆ ತಲುಪುವ ಹೊತ್ತಿಗೆ ಔಷಧ ಒಂದಷ್ಟು ಕಡಿಮೆಯಾಗಿರುತ್ತದೆ. ಯಂತ್ರ ತಾನು ಕಂಡಿದ್ದನ್ನು ಪ್ರಾಮಾಣಿಕವಾಗಿ ಕಡಿಮೆ ಎಂದು ಹೇಳುತ್ತದೆ. ಇಲ್ಲಿ ಡಾಕ್ಟರ್ ಅದನ್ನು ನಂಬಿ ಡೋಸ್ ಏರಿಸುತ್ತಾರೆ. ಯಾರ ತಪ್ಪೂ ಇಲ್ಲದೆ ರೋಗಿಗೆ ತೊಂದರೆ.

ನಮ್ಮದು ಹಾಲಿನ ಜಿಲ್ಲೆ. ಹಸುವಿಗೆ ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಚುಚ್ಚಿಸಿದರೆ ಇಂತಿಷ್ಟು ದಿನ ಹಾಲು ಡೇರಿಗೆ ಹಾಕಬೇಡಿ ಎಂದು ಪಶುವೈದ್ಯರು ಹೇಳುತ್ತಾರೆ. ಹಾಲಿನಲ್ಲಿ ಯಾವ ಆಂಟಿಬಯೋಟಿಕ್ ಎಷ್ಟರವರೆಗೆ ಇರಬಹುದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಮಿತಿ ಮೀರಿದೆಯೇ ಎಂದು ಖಚಿತ ಮಾಡಲು ಬಳಸುವುದು ಇದೇ ಕ್ರೊಮ್ಯಾಟೊಗ್ರಫಿ ವಿದ್ಯೆ. ಹಾಲಿಗೆ ಇದು ಬೇಕೇ ಬೇಕು, ನಾನು ಒಪ್ಪುತ್ತೇನೆ. ಆ ಹಾಲು ಕರೆಯುವ ರೈತ ಜ್ವರ ಬಂದು ಐಸಿಯುನಲ್ಲಿ ಮಲಗಿದರೆ ಅವನ ರಕ್ತಕ್ಕೂ ಬೇಡವೇ?

ಕ್ಷಯರೋಗದ ಮಾತು ಬಿಡುವಂತಿಲ್ಲ. ರಿಫಾಂಪಿಸಿನ್ ಕೂಡ ಆಂಟಿಬಯೋಟಿಕ್ಕೇ. ಮಾತ್ರೆ ನುಂಗಿ ಎರಡು ಗಂಟೆಗೆ ಅದು ಲೀಟರಿಗೆ 8 ಮಿಲಿಗ್ರಾಮಾದರೂ ಇರಬೇಕು ಎನ್ನುತ್ತಾರೆ. ಐಸೋನಿಯಜಿಡ್ ಅನ್ನು ಕೆಲವರ ಲಿವರ್ ಬೇಗ ಕಳೆಯುತ್ತದೆ, ಕೆಲವರದ್ದು ನಿಧಾನ. ಹುಟ್ಟಿನಿಂದ ಬಂದ ಗುಣ ಅದು. 1956ರಲ್ಲಿ ಶುರುವಾದ ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರ ಇಂಥದ್ದನ್ನೆಲ್ಲ ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದಿದೆ. ಔಷಧಕ್ಕೆ ಬಗ್ಗದ ಟಿಬಿಗೆ ತಿಂಗಳುಗಟ್ಟಲೆ ಕೊಡುವ ಲಿನೆಜೋಲಿಡ್ ಜಾಸ್ತಿಯಾದರೆ ರಕ್ತಹೀನತೆ ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ, ಕಣ್ಣಿನ ನರಕ್ಕೂ ತೊಂದರೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಯೂ ಕಫ ನೆಗೆಟಿವ್ ಆಗದ ರೋಗಿಯನ್ನು ‘ನೀನು ಸರಿಯಾಗಿ ತಗೊಂಡಿಲ್ಲ’ ಎಂದು ಗದರಿಸುವ ಮೊದಲು ಒಮ್ಮೆ ಮಟ್ಟ ನೋಡಿದರೆ ಎಷ್ಟೋ ಮಂದಿಗೆ ನ್ಯಾಯ ಸಿಗುತ್ತದೆ.

ಯಂತ್ರ ಓಡಿಸಲು ಜನ ಎಲ್ಲಿಂದ ತರುವುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದ ಎಳೆಯರಲ್ಲಿ ಕೆಜಿಎಫ್, ಮಾಲೂರು, ಚಿಂತಾಮಣಿ, ಶಿಡ್ಲಘಟ್ಟದವರು ಬೇಕಾದಷ್ಟು ಇದ್ದರು. ರೈಲಿನಲ್ಲಿ ನಿಂತುಕೊಂಡೇ ಹೋಗಿ ಬಂದು ಶಿಫ್ಟ್ ಮಾಡಿದವರು. ಬೇಸ್‌ಲೈನ್ (ಪರದೆಯ ಮೇಲಿನ ನೆಟ್ಟಗಿನ ಗೆರೆ) ಸ್ವಲ್ಪ ಅಲುಗಾಡಿದರೆ ಪಂಪಿನಲ್ಲಿ ಗಾಳಿಗುಳ್ಳೆ ಸಿಕ್ಕಿದೆಯೋ ದೀಪ ಹಳೆಯದಾಯಿತೋ ಎಂದು ನೋಡಿದ ಕೂಡಲೇ ಹೇಳುತ್ತಿದ್ದರು. ಇಂಥವರಿಗೆ ಸೀರಂ ಕೆಲಸದ ತರಬೇತಿ ಕೊಟ್ಟು ಊರಿನಲ್ಲೇ ಸಂಬಳ ಕೊಟ್ಟರೆ ಖುಷಿಯಿಂದ ಬರುತ್ತಾರೆ. ಸಮಸ್ಯೆ ಆಗುವುದು ಯಂತ್ರ ಕೊಂಡು, ರಿಬ್ಬನ್ ಕತ್ತರಿಸಿ, ಆಮೇಲೆ ಕಾಲಂ, ದ್ರಾವಕ, ಸರ್ವಿಸ್‌ಗೆ ದುಡ್ಡಿಡದೆ ಹೋದಾಗ. ವರ್ಷದ ಖರ್ಚನ್ನು ಮೊದಲೇ ಕಟ್ಟಿಡಬೇಕು. ಬಳಸಿದ ಅಸಿಟೊನೈಟ್ರೈಲ್ ವಿಷ, ಅದನ್ನು ಸಿಂಕಿಗೆ ಸುರಿಯುವಂತಿಲ್ಲ, ಕ್ಯಾನಿನಲ್ಲಿ ತುಂಬಿ ಸರಿಯಾದವರಿಗೆ ಕೊಡಬೇಕು. ನಮ್ಮ ಕೆರೆಗಳಿಗೆ ಈಗ ಬರುತ್ತಿರುವ ಕೊಳೆಯೇ ಸಾಕು.

ಒಂದೊಂದು ಆಸ್ಪತ್ರೆಗೂ ಒಂದೊಂದು ಲ್ಯಾಬ್ ಬೇಕಿಲ್ಲ. ಚಿಕ್ಕಬಳ್ಳಾಪುರ 2007ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು. ಎರಡೂ ಜಿಲ್ಲೆಗೆ ಸೇರಿ ಒಂದು ಲ್ಯಾಬ್ ಸಾಕು, ಸರ್ಕಾರಿ ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಯ ಸ್ಯಾಂಪಲ್ ಅಲ್ಲಿಗೆ ಬರಲಿ. ವ್ಯಾಂಕೊಮೈಸಿನ್, ಮೆರೊಪೆನೆಮ್, ಲಿನೆಜೋಲಿಡ್ ಮೂರರಿಂದ ಶುರು ಮಾಡಲಿ. ಮಂಜುಗಡ್ಡೆಯ ಡಬ್ಬಿಯಲ್ಲಿ ಸ್ಯಾಂಪಲ್ ತರುವ ಒಬ್ಬರು ಇರಲಿ. ಸಂಖ್ಯೆ ಮಾತ್ರ ಕೊಟ್ಟು ಕೈ ತೊಳೆದುಕೊಳ್ಳದೆ, ಫಾರ್ಮಕಾಲಜಿ ಓದಿದ ಡಾಕ್ಟರೊಬ್ಬರು ಡೋಸ್ ಬಗ್ಗೆ ಒಂದು ಸಾಲು ಬರೆದು ಕಳಿಸಲಿ. ಬಡ ರೋಗಿಗೆ ಇದರ ಖರ್ಚು ಆರೋಗ್ಯ ಯೋಜನೆಯಲ್ಲೇ ಸೇರಲಿ.

ಅದೆಲ್ಲ ಆಗುವವರೆಗೆ ಪೈಸೆ ಖರ್ಚಿಲ್ಲದ ಒಂದು ಕೆಲಸ ನಾಳೆಯಿಂದಲೇ ಮಾಡಬಹುದು. ಡೋಸ್ ಶುರುವಾದ ವೇಳೆ, ಮುಗಿದ ವೇಳೆ, ರಕ್ತ ತೆಗೆದ ವೇಳೆ, ಈ ಮೂರನ್ನೂ ಟ್ಯೂಬಿನ ಚೀಟಿಯ ಮೇಲೆ ಬರೆಯಬೇಕು. ಡ್ರಿಪ್ ಇಲ್ಲದ ಕೈಯಿಂದ ರಕ್ತ ತೆಗೆಯಬೇಕು. ಮೂರು ವೇಳೆ ಬರೆಯದ ಸ್ಯಾಂಪಲನ್ನು ಲ್ಯಾಬಿನವರು ತೆಗೆದುಕೊಳ್ಳದೆ ಫೋನ್ ಮಾಡಿ ಕೇಳಬೇಕು. ವಾರ್ಡಿನ ಸಿಸ್ಟರ್‌ಗಳ ಮೇಲೆ ಕೆಲಸದ ಹೊರೆ ಎಷ್ಟಿದೆ ಎಂದು ಆಸ್ಪತ್ರೆಯಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ. ಅವರನ್ನು ಬೈಯುವುದರಿಂದ ಆಗುವುದಲ್ಲ ಇದು, ಚೀಟಿಯಲ್ಲೇ ಮೂರು ಖಾನೆ ಮುದ್ರಿಸಿ ಕೊಟ್ಟರೆ ತಾನಾಗಿ ಆಗುತ್ತದೆ. ರೋಗಿಯ ಮನೆಯವರೂ ಡ್ರಿಪ್ ಹಾಕಿದ ವೇಳೆಯನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಂಡರೆ ಡಾಕ್ಟರ್‌ಗೆ ಅನುಕೂಲ. ಆದರೆ ಈ ಪತ್ರ ಓದಿ ಯಾರೂ ತಾವಾಗಿ ಡೋಸ್ ಕಮ್ಮಿ ಜಾಸ್ತಿ ಮಾಡಬಾರದು, ನಿಲ್ಲಿಸಲೂ ಬಾರದು.

ನಿಮ್ಮ ಜಿಲ್ಲಾ ವರದಿಗಾರರಿಗೆ ನನ್ನದೊಂದು ಕೋರಿಕೆ. ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಆಂಟಿಬಯೋಟಿಕ್ ಮಟ್ಟದ ಪರೀಕ್ಷೆಗೆ ಸ್ಯಾಂಪಲ್ ಎಲ್ಲಿಗೆ ಹೋಗುತ್ತಿದೆ, ವರದಿ ಎಷ್ಟು ಗಂಟೆಗೆ ಬರುತ್ತಿದೆ, ರೋಗಿ ಎಷ್ಟು ದುಡ್ಡು ಕೊಡುತ್ತಿದ್ದಾರೆ ಎಂದು ಕೇಳಿ ಬರೆಯಲಿ. ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳು ಉತ್ತರ ಕೊಡಲಿ. ಲ್ಯಾಬ್ ಶುರು ಮಾಡುವುದಾದರೆ ಎಳೆಯರಿಗೆ ಕಾಲಂ ಜೋಡಿಸುವುದರಿಂದ ಹಿಡಿದು ಪೀಕ್ ಓದುವವರೆಗೆ ಹೇಳಿಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

ಇಂತಿ,
ನಿವೃತ್ತ ಔಷಧ ವಿಶ್ಲೇಷಕಿ
ಕೀಲುಕೋಟೆ, ಕೋಲಾರ
(ಭಾವನ ಕಾಯಿಲೆಯ ವಿಷಯ ಬಂದಿರುವುದರಿಂದ ಹೆಸರು ಪ್ರಕಟಿಸಬೇಡಿ ಎಂದು ಕೋರುತ್ತೇನೆ.)